ಅಪ್ಪ ಆರಿಸಿದ ಚಾಕು

ನಮ್ಮ ಮನೆಯಲ್ಲಿ ಐದು ಕತ್ತಿಗಳಿದ್ದವು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ಅಂದ್ಮೇಲೆ ಇರಲೇಬೇಕಲ್ಲ. ಸೊಪ್ಪಿಗೊಂದು, ಸೌದೆಗೊಂದು, ಬೇಲಿ ಸವರಲಿಕ್ಕೊಂದು. ಅಪ್ಪ ಬೆಳಿಗ್ಗೆ ಕಾಫಿ ಕುಡಿದು, ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಇಳಿದರೆ ಮತ್ತೆ ಮನೆಗೆ ಬರುವುದು ಹೊಟ್ಟೆ ಹಸಿದಾಗಲೇ. ನಾನು ಕತ್ತಿಗೆ ಕೈ ಹಾಕಿದರೆ ಮಾತ್ರ ಎಲ್ಲಿದ್ದರೂ ಕೂಗು ಕೇಳುತ್ತಿತ್ತು: "ಅದನ್ನ ಅಲ್ಲಿಡು. ಪುಸ್ತಕ ಹಿಡಿ."

ಹಿಡಿದೆ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ಕೋಡ್ ಬರೆದು, ಈಗ ಮೂರು ವರ್ಷದಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದ್ದೇನೆ. ವಯಸ್ಸು ಮೂವತ್ತಾಯಿತು. ಇವತ್ತಿಗೂ ನನಗೆ ಒಂದು ತೆಂಗಿನಕಾಯಿ ಸುಲಿಯಲು ಬರುವುದಿಲ್ಲ.

ಇಂಥ ನಾನು ಚಾಕುವಿನ ಹಿಂದೆ ಬಿದ್ದದ್ದಕ್ಕೆ ಕಾರಣ ನನ್ನ ಎಡಗೈ ತೋರುಬೆರಳು. ಹೋದ ವರ್ಷ ಆಫೀಸಿನವರ ಜೊತೆ ಕಾಡಿನಲ್ಲಿ ಕ್ಯಾಂಪಿಂಗ್ ಹೋಗಿದ್ದೆವು. ನನ್ನ ಹತ್ತಿರ ಇದ್ದದ್ದು ಮಡಚುವ ಚಾಕು. ಅದರಲ್ಲೇ ಕತ್ತರಿ, ಅದರಲ್ಲೇ ಬಾಟಲಿ ಓಪನರ್. ಬೆಂಕಿಗೆ ಒಂದು ಕಟ್ಟಿಗೆ ಸೀಳೋಣ ಅಂತ ಅದನ್ನು ಕಟ್ಟಿಗೆಯ ಮೇಲಿಟ್ಟು ಕಲ್ಲಿನಿಂದ ಬಡಿದೆ. ಮೂರನೇ ಏಟಿಗೆ ಲಾಕ್ ಬಿಟ್ಟುಕೊಂಡಿತು. ಚಾಕು ಮಡಚಿಕೊಂಡದ್ದು ನನ್ನ ಬೆರಳಿನ ಮೇಲೆ. ಮೂರು ಹೊಲಿಗೆ ಬಿತ್ತು. ತಪ್ಪು ಚಾಕುವಿನದ್ದಲ್ಲ ಬಿಡಿ, ಮಡಚುವ ವಸ್ತುವನ್ನು ಬಡಿಯಬಾರದು ಅನ್ನುವುದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಬೆರಳು ವಾಸಿಯಾದ ಮೇಲೆ ಗಟ್ಟಿಮುಟ್ಟಾದ, ಮಡಚದ ಚಾಕು ಒಂದನ್ನು ತಗೋಬೇಕು ಅಂತ ತೀರ್ಮಾನಿಸಿದೆ. ಸಾಫ್ಟ್‌ವೇರ್‌ನವರು ಏನು ಮಾಡ್ತೀವಿ ಹೇಳಿ? ಎಕ್ಸೆಲ್ ಶೀಟ್ ತೆರೆದೆ. ಉದ್ದ, ದಪ್ಪ, ಉಕ್ಕಿನ ಜಾತಿ, ಗಡಸುತನ, ಬೆಲೆ, ಒರೆ, ಹೀಗೆ ಹದಿನಾಲ್ಕು ಕಾಲಂ. ಮೂವತ್ತೊಂದು ಚಾಕುಗಳ ವಿವರ ತುಂಬಿದೆ. ಒಂದನ್ನೂ ಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಬಂದರು, ಅಮ್ಮನ ಜೊತೆ ಅಪ್ಪನೂ ಬಂದರು. ಅಮ್ಮನಿಗೆ ಕೈ ತುಂಬ ಕೆಲಸ. ಅಪ್ಪನಿಗೆ ಮೂರನೇ ಮಹಡಿಯ ಮನೆಯಲ್ಲಿ ಕಿಟಕಿ ಬಿಟ್ಟರೆ ಬೇರೆ ದಿಕ್ಕಿಲ್ಲ. ಊರಲ್ಲಿ ಮಳೆಗಾಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎರಡನೇ ಸಲ ಹೊಡೆಸಿಯೇ ವಿಮಾನ ಹತ್ತಿದ್ದರೂ ದಿನಾ ಬೆಳಿಗ್ಗೆ ಫೋನು: "ಅಲ್ಲಿ ಮಳೆ ಎಷ್ಟಾಯ್ತು?" ಒಂದು ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಆ ಶೀಟ್ ನೋಡಿದರು.

"ಎಂತದು ಇದು?"

"ಚಾಕು ಅಪ್ಪ. ಯಾವುದು ತಗೊಳ್ಳೋದು ಅಂತ."

ಕೆಳಗಿನವರೆಗೆ ಸ್ಕ್ರೋಲ್ ಮಾಡಿಸಿದರು. "ಇದರಲ್ಲಿ ನಿನಗೆ ಎಂತ ಕೆಲಸ ಇದೆ ಅನ್ನೋ ಕಾಲಂ ಎಲ್ಲಿದೆ?"

ಇರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ನಾವಿಬ್ಬರೂ ಎರಡು ದಿನದ ಮಟ್ಟಿಗೆ ಮೋರಾಕ್ಕೆ ಹೊರಟೆವು.

ಕೆಂಪು ಮನೆಗಳ ಊರು

ಸ್ಟಾಕ್‌ಹೋಮ್‌ನಿಂದ ವಾಯವ್ಯಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಡಾಲಾರ್ನಾ ಪ್ರಾಂತ್ಯ ಬಂತು ಅಂತ ಮನೆಗಳ ಬಣ್ಣವೇ ಹೇಳುತ್ತದೆ. ಎಲ್ಲ ಮರದ ಮನೆಗಳು, ಎಲ್ಲಕ್ಕೂ ಇಟ್ಟಿಗೆ ಕೆಂಪು. ಆ ಬಣ್ಣ ಇದೇ ಪ್ರಾಂತ್ಯದ ಫಾಲುನ್ ತಾಮ್ರದ ಗಣಿಯ ಮಣ್ಣಿನಿಂದ ಬರುತ್ತದೆ, ಗಣಿ 1992ರಲ್ಲಿ ಮುಚ್ಚಿದರೂ ಬಣ್ಣ ಇನ್ನೂ ತಯಾರಾಗುತ್ತಿದೆ ಅಂದೆ. ತಾಮ್ರ ಅಂದದ್ದೇ ತಡ, "ಹಂಗಾದ್ರೆ ಇಲ್ಲಿ ಮೈಲುತುತ್ತು ಕಡಿಮೆಗೆ ಸಿಗ್ತದಾ?" ಅಂತ ಕೇಳಿದರು. ಅಡಿಕೆ ಬೆಳೆಗಾರನನ್ನು ಎಲ್ಲಿಗೆ ಕರ್ಕೊಂಡು ಹೋದರೂ ಅಷ್ಟೇ.

ಮೋರಾ ಇರುವುದು ಸಿಲ್ಯಾನ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿ. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿ ಒಂದು ಉಲ್ಕೆ ಬಿದ್ದು ಭಾರಿ ಗುಂಡಿಯಾಯಿತು. ಆ ಗುಂಡಿಯ ಅಂಚಿನಲ್ಲೇ ಸರೋವರ. ಊರು ಚಿಕ್ಕದು. ಆದರೆ ಪ್ರತಿ ಮಾರ್ಚ್‌ನಲ್ಲಿ ಇಲ್ಲಿ ಮುಗಿಯುವ ವಾಸಾಲೊಪೆಟ್ ಎಂಬ 90 ಕಿಲೋಮೀಟರ್ ಹಿಮ ಸ್ಕೀ ಓಟಕ್ಕೆ ಸಾವಿರಾರು ಜನ ಬರುತ್ತಾರೆ. ಅದು 1922ರಿಂದ ನಡೆಯುತ್ತಿದೆ. ಬೇಸಿಗೆಯಲ್ಲಿ ಅದೇ ದಾರಿ ನಡೆದಾಡುವವರದ್ದು.

ನಮ್ಮ ಗುರಿ ಊರಾಚೆಯ ಓಸ್ಟ್‌ನೂರ್ ಹಳ್ಳಿ. ಫ್ರಾಸ್ಟ್ ಎರಿಕ್ ಎರ್ಸನ್ ಎಂಬಾತ ಅಮೆರಿಕಕ್ಕೆ ಹೋಗಿ ಮರ ಕಡಿಯುವ ಕೆಲಸ ಮಾಡಿ, ಊರಿಗೆ ಮರಳಿ, 1891ರಲ್ಲಿ ಇಲ್ಲಿ ದಿಮ್ಮಿ ಸಾಗಿಸುವ ಜಾರುಬಂಡಿಗಳ ಕಾರ್ಖಾನೆ ಶುರು ಮಾಡಿದ. ಜೊತೆಗೆ ಚಾಕುಗಳನ್ನೂ ಮಾಡತೊಡಗಿದ. ಬಂಡಿ ಹೋಯಿತು, ಚಾಕು ಉಳಿಯಿತು. ಕ್ಯಾಂಪಿಂಗ್ ಹುಚ್ಚಿರುವವರೆಲ್ಲ ಬಲ್ಲ ಮೋರಾ ಚಾಕುವಿನ ಕತೆ ಇದು.

ಅಪ್ಪ ಎಲ್ಲ ಕೇಳಿಸಿಕೊಂಡು, "ಹೋದವ ವಾಪಸ್ ಬಂದ ಅಂತಾಯ್ತು" ಅಂದರು. ನಾನು ಮಾತು ಬದಲಿಸಿದೆ.

ಆರಿಸುವುದು ಅಂದ್ರೆ

ಅಂಗಡಿಯಲ್ಲಿ ಚಾಕುಗಳನ್ನು ಜೋಡಿಸಿಟ್ಟಿದ್ದರು. ನಾನು ಫೋನಿನಲ್ಲಿ ಶೀಟ್ ತೆರೆದುಕೊಂಡು ಮಾದರಿ ಹೆಸರು ಹುಡುಕುತ್ತಿದ್ದೆ. ಅಪ್ಪ ಒಂದೊಂದನ್ನೇ ಎತ್ತಿ ಹಿಡಿದರು. ಕಣ್ಣು ಮುಚ್ಚಿ ಹಿಡಿ ಅಮುಕಿದರು. ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟ ಇದೆಯಾ ನೋಡಿದರು. ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡ ಸವರಿದರು, ಉದ್ದಕ್ಕಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಈ ಹಿಡಿ ಒಳಗೆ ಕಬ್ಬಿಣ ಎಲ್ಲೀವರೆಗೆ ಹೋಗಿದೆ?"

ಹದಿನಾಲ್ಕು ಕಾಲಂಗಳಲ್ಲಿ ಅತಿ ಮುಖ್ಯವಾದದ್ದು ಅದೇ. ನಮ್ಮ ಊರಿನ ಆಚಾರಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಕತ್ತಿ ಬಡಿಯುವಾಗ ಅದರ ಬಾಲವನ್ನು ಮರದ ಹಿಡಿಯ ಆಚೆ ತುದಿವರೆಗೂ ತೂರಿಸಿ ಮಡಿಸುತ್ತಾನೆ. ಇಲ್ಲದಿದ್ದರೆ ಬೀಸುವಾಗ ಹಿಡಿ ಕೈಯಲ್ಲಿ, ಕತ್ತಿ ಇನ್ನೆಲ್ಲೋ. ಮೋರಾದ ಕಂಪ್ಯಾನಿಯನ್ ಎಂಬ ಅಗ್ಗದ, ಜನಪ್ರಿಯ ಚಾಕುವಿನಲ್ಲಿ ಉಕ್ಕು ಹಿಡಿಯೊಳಗೆ ಒಂದಿಷ್ಟು ದೂರ ಹೋಗಿ ನಿಲ್ಲುತ್ತದೆ. ಗಾರ್ಬೆರ್ಗ್ ಎಂಬುದರಲ್ಲಿ ಹಿಡಿಯ ತುದಿವರೆಗೂ ಒಂದೇ ಉಕ್ಕು, ಹಿಂದೆ ಅದರ ತುದಿ ಕಾಣುತ್ತದೆ. ಅಪ್ಪ ಅದನ್ನು ಉಗುರಿನಿಂದ ಕುಟ್ಟಿ ನೋಡಿದರು.

"ತರಕಾರಿ, ಹಗ್ಗ, ಕಡ್ಡಿ ಕೆತ್ತೋದಕ್ಕೆ ಈ ತೆಳ್ಳಂದು ಸಾಕು, ಇದೇ ಚೆನ್ನಾಗಿ ಕೊಯ್ತದೆ. ನಿನಗೆ ಸೌದೆ ಸೀಳ್ಬೇಕು ಅಲ್ದಾ? ಹಂಗಾದ್ರೆ ಇದು."

ತೆಳ್ಳಗಿನದು 2.5 ಮಿಲಿಮೀಟರ್, ಗಾರ್ಬೆರ್ಗ್ 3.2. ಒಂದು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಆದರೆ ಕೈಗೆ ಗೊತ್ತಾಗುತ್ತದೆ. ಅಲಗಿನ ಉದ್ದ ಸುಮಾರು 11 ಸೆಂಟಿಮೀಟರ್, ನಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ನನ್ನ ಶೀಟಿನಲ್ಲಿ ಸಿನಿಮಾ ಹೀರೋ ಹಿಡಿಯುವಂಥ ಗರಗಸ ಬೆನ್ನಿನ ದೊಡ್ಡ ಚಾಕುಗಳೂ ಇದ್ದವು. ಫೋಟೊ ತೋರಿಸಿದೆ. "ಇದರಲ್ಲಿ ಕೋಣ ಕಡಿಯೋದಾ?" ಅಂದರು. ದೊಡ್ಡದರಲ್ಲಿ ಸಣ್ಣ ಕೆಲಸ ಆಗುವುದಿಲ್ಲ, ಬೆನ್ನಿನಲ್ಲಿ ಗರಗಸ ಇದ್ದರೆ ಅಲ್ಲಿ ಹೆಬ್ಬೆರಳು ಇಡಲಾಗುವುದಿಲ್ಲ, ಬಡಿಯಲೂ ಆಗುವುದಿಲ್ಲ. ಇವರು ಹೇಳಿದ ಮೇಲೆ ಎಷ್ಟು ಸರಳ ಅನ್ನಿಸಿತು!

ಅಪ್ಪನಿಗೆ ಬಹಳ ಹಿಡಿಸಿದ್ದು ಇಲ್ಲಿನವರು ಚಾಕುವಿಗೆ ಇಳಿಜಾರು ಕೊಡುವ ರೀತಿ. ಅಲಗಿನ ಪಕ್ಕದಲ್ಲಿ ಒಂದೇ ಒಂದು ಅಗಲ ಚಪ್ಪಟೆ ಇಳಿಜಾರು, ನೇರ ಬಾಯಿವರೆಗೆ. ಮಸೆಯುವಾಗ ಆ ಚಪ್ಪಟೆ ಭಾಗವನ್ನು ಕಲ್ಲಿನ ಮೇಲೆ ಕೂರಿಸಿ ಉಜ್ಜಿದರಾಯಿತು, ಕೋನ ಅಂದಾಜು ಮಾಡುವ ಕಷ್ಟವಿಲ್ಲ. "ನಿನ್ನಂಥವರಿಗೂ ಮಸೆಯಕ್ಕೆ ಬರ್ತದೆ."

ಕೊನೆಯ ಜಗಳ ಉಕ್ಕಿನದು. ನನಗೆ ಕಾರ್ಬನ್ ಉಕ್ಕೇ ಬೇಕಿತ್ತು. ಬೇಗ ಹರಿತವಾಗುತ್ತದೆ, ಪುಸ್ತಕ ಓದಿದವರೆಲ್ಲ ಅದನ್ನೇ ಹೊಗಳುತ್ತಾರೆ. ಒದ್ದೆ ಇಟ್ಟರೆ ತುಕ್ಕು ಹಿಡಿಯುತ್ತದೆ ಅನ್ನುವುದೊಂದೇ ತೊಂದರೆ. ನಮ್ಮ ಮನೆ ಕತ್ತಿಗಳೂ ಅದೇ ಜಾತಿಯವಲ್ಲವೇ ಅಂತ ವಾದ ಹೂಡಿದೆ. ಅಪ್ಪ ತಲೆಯಾಡಿಸಿ, "ಅದನ್ನ ದಿನಾ ಒರೆಸಿ ಇಡೋನು ನಾನು. ನಿನ್ನ ಸೈಕಲ್ ಚೈನ್ ನೋಡಿದ್ದೀನಿ. ಸುಮ್ನೆ ತುಕ್ಕು ಹಿಡಿಯದ್ದು ತಗೊ" ಅಂದರು. ತುಕ್ಕು ಹಿಡಿಯದ ಗಾರ್ಬೆರ್ಗ್ ತಗೊಂಡೆ.

ಬಿಲ್ ಮಾಡಿಸುವಾಗ ಪಕ್ಕದಲ್ಲಿ ಐದಾರು ವರ್ಷದ ಹುಡುಗನೊಬ್ಬ ಅವನಮ್ಮನ ಜೊತೆ ನಿಂತಿದ್ದ. ಅವನ ಕೈಯಲ್ಲಿ ಒಂದು ಪುಟ್ಟ ಚಾಕು, ಮರದ ಹಿಡಿ, ಮೊನೆ ದುಂಡಗೆ. ಅಮ್ಮ ಅವನಿಂದ ಕಸಿದುಕೊಳ್ಳಲಿಲ್ಲ, ಹೇಗೆ ಹಿಡಿಯಬೇಕು ಅಂತ ತೋರಿಸುತ್ತಿದ್ದಳು. ಇಲ್ಲಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸ್ಲೊಯ್ಡ್ ಎಂಬ ಕೈಕೆಲಸದ ಪಾಠ ಕಡ್ಡಾಯ, ಮರಗೆಲಸವೂ ಅದರಲ್ಲೇ ಬರುತ್ತದೆ ಅಂತ ಅಪ್ಪನಿಗೆ ವಿವರಿಸಿದೆ. ಏನೂ ಹೇಳಲಿಲ್ಲ. ಹುಡುಗನನ್ನೇ ನೋಡುತ್ತಿದ್ದರು.

ಒದ್ದೆ ಕಟ್ಟಿಗೆ

ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯಬಹುದು, ಒಂದು ರಾತ್ರಿ ಡೇರೆ ಹಾಕಬಹುದು, ಹಣ್ಣು, ಅಣಬೆ ಆರಿಸಿಕೊಳ್ಳಬಹುದು. ಆದರೆ ಜೀವಂತ ಮರದ ಕೊಂಬೆ ಮುರಿಯುವ, ತೊಗಟೆ ಸುಲಿಯುವ ಹಾಗಿಲ್ಲ, ಒಣಗಾಲದ ನಿಷೇಧವಿದ್ದಾಗ ಬೆಂಕಿ ಹಾಕುವಂತಿಲ್ಲ. ಚಾಕುವಿಗೂ ಕಾನೂನಿದೆ. ಸರಿಯಾದ ಕಾರಣವಿಲ್ಲದೆ ಪೇಟೆಯಲ್ಲಿ ಚಾಕು ಇಟ್ಟುಕೊಂಡು ಓಡಾಡುವುದನ್ನು 1988ರ ಕಾನೂನು ನಿಷೇಧಿಸಿದೆ. ಹಾಗಾಗಿ ನಮ್ಮದು ಕಾಡು ಮುಟ್ಟುವವರೆಗೆ ಬ್ಯಾಗಿನ ತಳದಲ್ಲೇ ಇತ್ತು.

ವಾಸಾಲೊಪೆಟ್ ದಾರಿಯಲ್ಲಿ ಆರೇಳು ಕಿಲೋಮೀಟರ್ ನಡೆದೆವು. ಪೈನ್, ಸ್ಪ್ರೂಸ್ ಮರಗಳ ನಡುವೆ ಕೆಂಪು ಲಿಂಗನ್‌ಬೆರಿ. ಅಪ್ಪ ಒಂದು ಬಾಯಿಗೆ ಹಾಕಿ, "ಉಪ್ಪಿನಕಾಯಿ ಹಾಕಬಹುದು" ಅಂದರು. ಸಂಜೆಗೆ ಮಳೆ ಹಿಡಿಯಿತು. ಮೂರು ಕಡೆ ಮರದ ಗೋಡೆ, ಒಂದು ಕಡೆ ಬಯಲು ಇರುವ ತಂಗುದಾಣ ಸೇರುವಷ್ಟರಲ್ಲಿ ಇಬ್ಬರೂ ತೊಯ್ದಿದ್ದೆವು. ಅಪ್ಪನಿಗೆ ಅರವತ್ತಮೂರು. ಅವರ ತುಟಿ ನಡುಗುವುದು ಕಂಡು ನನಗೆ ಹೆದರಿಕೆಯಾಯಿತು. ತಂಗುದಾಣದಲ್ಲಿ ಬರ್ಚ್ ಕಟ್ಟಿಗೆ ಇಟ್ಟಿದ್ದರು, ಆದರೆ ಇರಚಲು ಹೊಡೆದು ಹೊರಮೈ ಎಲ್ಲ ಒದ್ದೆ. ನಾನು ಅರ್ಧ ಪೊಟ್ಟಣ ಬೆಂಕಿಕಡ್ಡಿ ಗೀರಿ ಖಾಲಿ ಮಾಡಿದೆ. ಬರೀ ಹೊಗೆ.

"ಚಾಕು ತೆಗಿ. ನಾನು ಹೇಳ್ತೀನಿ, ನೀನು ಮಾಡು."

ಅವರು ಮಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಕೈ ಬಗಲಲ್ಲಿಟ್ಟುಕೊಂಡು ಕೂತರು. ಸಣ್ಣ ಕಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಬೇಕು. ಚಾಕುವಿನ ಬಾಯಿ ತಲೆಯ ಮೇಲೆ. ಎಡಗೈ ಕಟ್ಟಿಗೆ ಹಿಡಿಯಬಾರದು. ಇನ್ನೊಂದು ಕೊರಡಿನಿಂದ ಬೆನ್ನಿಗೆ ಏಟು. ಕಲ್ಲಿನಿಂದ ಬೇಡ. "ಗಂಟು ಇರೋದು ಬಿಡು, ನೇರ ಎಳೆ ಇರೋದು ತಗೊ." ಮೊದಲ ಏಟಿಗೆ ಬೆರಳಿನ ಹಳೇ ಗಾಯ ನೆನಪಾಗಿ ಕೈ ಹಿಂದೆ ಸರಿಯಿತು. "ಹೆದರ್ಕಬೇಡ. ಅದು ಮಡಚಲ್ಲ."

ಸೀಳಿತು. ಒಳಗೆ ಬೆಳ್ಳಗೆ, ಒಣಗಿದ ಮರ! ಆ ಒಣ ಸೀಳನ್ನೇ ಕೆತ್ತಿ, ಸುರುಳಿ ಸುರುಳಿ ಚಕ್ಕೆ ಉದುರದ ಹಾಗೆ ಕಡ್ಡಿಗೇ ಅಂಟಿಸಿ ಬಿಡಬೇಕು. ಮೂರು ಕಡ್ಡಿ ಕೆಡಿಸಿದೆ. ನಾಲ್ಕನೆಯದು ಕೋಳಿಪುಕ್ಕದ ಹಾಗೆ ಬಂತು. ಕಟ್ಟಿಗೆಯ ಮೇಲಿದ್ದ ಬರ್ಚ್ ತೊಗಟೆಯನ್ನು ಕೆಳಗಿಟ್ಟೆವು. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಒದ್ದೆಯಾಗಿದ್ದರೂ ಹತ್ತಿಕೊಳ್ಳುತ್ತದೆ. ಒಂದೇ ಕಡ್ಡಿಗೆ ಬೆಂಕಿ ಎದ್ದಿತು.

ಅಂಗಿ ಒಣಗಿಸಿಕೊಳ್ಳುತ್ತಾ ತಡೆಯಲಾರದೆ ಕೇಳಿದೆ, "ಅಪ್ಪ, ಇದನ್ನ ಊರಲ್ಲಿ ಯಾಕೆ ಹೇಳಿಕೊಡ್ಲಿಲ್ಲ?"

ಬಹಳ ಹೊತ್ತು ಬೆಂಕಿ ನೋಡಿದರು. "ಕತ್ತಿ ರುಚಿ ಹತ್ತಿದ್ರೆ ನೀನು ತೋಟದಲ್ಲೇ ಉಳೀತಿದ್ದೆ. ನನ್ನ ಹಂಗೆ ಮಳೆ ಲೆಕ್ಕ ಹಾಕ್ಕೊಂಡು." ಸ್ವಲ್ಪ ಬಿಟ್ಟು, "ಆವಾಗ ಅದೇ ಸರಿ ಅನ್ನಿಸಿತ್ತು" ಅಂದರು.

ಈಗ ಏನನ್ನಿಸುತ್ತದೆ ಅಂತ ನಾನು ಕೇಳಲಿಲ್ಲ.

ನೀವೂ ಕೊಳ್ಳುವುದಾದರೆ

ಅಪ್ಪನ ಪಾಠವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ಕೆಲಸ ಯಾವುದು ಅಂತ ನೋಡಿ, ಆಮೇಲೆ ಚಾಕು. ಸೀಳುವ ಕೆಲಸವಿದ್ದರೆ ಹಿಡಿಯ ತುದಿವರೆಗೂ ಉಕ್ಕು ಇರಲಿ, ದಪ್ಪ ಮೂರು ಮಿಲಿಮೀಟರ್ ಆಸುಪಾಸು ಸಾಕು. ಅಲಗು ಅಂಗೈಗಿಂತ ತೀರಾ ಉದ್ದ ಬೇಡ. ಒರೆಯಿಂದ ಚಾಕು ತಾನಾಗಿ ಜಾರಬಾರದು, ತಲೆಕೆಳಗು ಮಾಡಿ ನೋಡಿ. ನೀವು ಒರೆಸಿಡುವವರೋ ಅಲ್ಲವೋ ಅನ್ನುವುದನ್ನು ಪ್ರಾಮಾಣಿಕವಾಗಿ ಕೇಳಿಕೊಂಡು ಉಕ್ಕು ಆರಿಸಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ. ನಮ್ಮ ಊರಿನ ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ತಂಗುವ, ಬೆಂಕಿ ಹಾಕುವ ಸಾಹಸ ಬೇಡವೇ ಬೇಡ.

ಬೆಳಿಗ್ಗೆ ಮೋರಾಕ್ಕೆ ವಾಪಸಾದಾಗ ಅಪ್ಪ ಇನ್ನೊಮ್ಮೆ ಆ ಅಂಗಡಿಗೆ ಹೋಗೋಣ ಅಂದರು. ಆ ಹುಡುಗನ ಕೈಯಲ್ಲಿದ್ದಂಥದ್ದೇ ದುಂಡು ಮೊನೆಯ ಪುಟ್ಟ ಚಾಕು ತಗೊಂಡರು, ತಮ್ಮದೇ ದುಡ್ಡಿನಲ್ಲಿ. ಮನೆಗೆ ಬಂದು ನನ್ನ ಕೈಗೆ ಕೊಡಲಿಲ್ಲ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದಂತೆ. ಮೇಜಿನ ಮೇಲಿಟ್ಟು, "ಮಗುವಿಗೆ ಆರು ತುಂಬಿದ ಮೇಲೆ ಕೊಡು. ನೀನೇ ಕೂತು ಹೇಳಿಕೊಡು" ಅಂದರು. ಎರಡು ತಿಂಗಳ ಕೂಸಿಗೆ ಚಾಕು ತಂದಿದ್ದಾರೆ ಅಂತ ಅಮ್ಮ ಇಡೀ ದಿನ ಬೈದರು.

ಅಪ್ಪ, ಅಮ್ಮ ಊರಿಗೆ ಹೋಗಿ ಮೂರು ವಾರಕ್ಕೆ ಆಯುಧಪೂಜೆ ಬಂತು. ವಿಡಿಯೊ ಕಾಲ್‌ನಲ್ಲಿ ಜಗಲಿಯ ಮೇಲೆ ಐದು ಕತ್ತಿಗಳು ಕುಂಕುಮ ಹಚ್ಚಿಕೊಂಡು ಕೂತಿದ್ದವು. ನಾನೂ ಫೋನ್ ತಿರುಗಿಸಿ ಲ್ಯಾಪ್‌ಟಾಪ್, ಗಾರ್ಬೆರ್ಗ್, ಪುಟ್ಟ ಚಾಕು ಮೂರನ್ನೂ ತೋರಿಸಿದೆ.

ಅಪ್ಪ ಕ್ಯಾಮೆರಾ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. "ದೊಡ್ಡದನ್ನ ಒರೆಯಿಂದ ತೆಗೆದು ತೋರ್ಸು. ಒರೆಸಿದ್ದೀಯಾ?"

ಒರೆಸಿದ್ದೆ.