ಕೀನ್ಯಾಕ್ಕೆ ಹೊರಡುವ ಮುನ್ನ

ಕೀನ್ಯಾ ಪ್ರವಾಸ ಎಂದೊಡನೆ ಮಕ್ಕಳ ಕಣ್ಣೆದುರು ಮಸಾಯಿ ಮಾರಾದ ಸಿಂಹಗಳು ಬಂದು ನಿಲ್ಲುತ್ತವೆ. ಹೆತ್ತವರಿಗೆ ಪಾಸ್‌ಪೋರ್ಟು, ಟಿಕೆಟ್ಟು, ಬಟ್ಟೆಬರೆಯ ಚಿಂತೆ. ನೈರೋಬಿ ನಗರ ಸಮಭಾಜಕ ವೃತ್ತದ ಸಮೀಪದಲ್ಲಿದ್ದರೂ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಜುಲೈ ತಿಂಗಳಲ್ಲಿ ಹೋಗುವವರಿಗೆ ಸ್ವೆಟರ್ ಬೇಕೇ ಬೇಕು!

ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಹಳದಿ ಜ್ವರದ ಚುಚ್ಚುಮದ್ದು. ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಮೊದಲ ಸಲ ಹಾಕಿಸಿಕೊಂಡವರ ಪ್ರಮಾಣಪತ್ರ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಅಷ್ಟು ಕಾಲಾವಕಾಶ ಬೇಕು. 2016ರಿಂದ ಈ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ. ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಹೀಗಾಗಿ ಗರ್ಭಿಣಿಯರು, ವಯಸ್ಸಾದವರು, ಮೊಟ್ಟೆ ಒಗ್ಗದವರು ಮೊದಲೇ ವೈದ್ಯರನ್ನು ಕೇಳಬೇಕು.

ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ಮರಳಿದವರನ್ನು ನಮ್ಮಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಕಟ್ಟುನಿಟ್ಟು ಏಕೆ? ಹಳದಿ ಜ್ವರ ಭಾರತದಲ್ಲಿಲ್ಲ, ನಿಜ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಇಲ್ಲಿದೆ. ನಮ್ಮ ಹೂಕುಂಡದ ತಟ್ಟೆಯಲ್ಲಿ, ಹಿತ್ತಲಿನ ಹಳೆಯ ಟೈರಿನಲ್ಲಿ ನಿಂತ ನೀರೇ ಅದರ ತೊಟ್ಟಿಲು. ನಮಗೆ ಡೆಂಗಿ ತರುವುದೂ ಇದೇ ಸೊಳ್ಳೆ. ಒಣಹುಲ್ಲಿನ ಬಣವೆ ಸಿದ್ಧವಾಗಿದೆ. ರೋಗಾಣು ಹೊತ್ತ ಒಬ್ಬ ಪ್ರವಾಸಿ ಕಿಡಿಯಾದಾನು.

ವಿಮಾನ ಹತ್ತುವ ಮಗನ ತೋಳಿಗೆ ಹಾಕಿದ ಲಸಿಕೆ, ಮನೆಯಲ್ಲೇ ಉಳಿದ ಅಜ್ಜಿಯನ್ನೂ ಕಾಯುತ್ತದೆ. ಪ್ರಯಾಣದ ದಿನ ಗೊತ್ತಾದ ಕೂಡಲೇ ಕ್ಯಾಲೆಂಡರಿನಲ್ಲಿ ಹತ್ತು ದಿನ ಹಿಂದಕ್ಕೆ ಎಣಿಸಿ, ಅದಕ್ಕೂ ಮೊದಲೇ ಚುಚ್ಚುಮದ್ದು ಹಾಕಿಸಿಕೊಳ್ಳಿ. ಪ್ರಮಾಣಪತ್ರ ಪಾಸ್‌ಪೋರ್ಟಿನ ಜೊತೆಯಲ್ಲೇ ಇರಲಿ.