ಹಾಲುಹಲ್ಲಿನ ಸಾಕ್ಷಿ

ಕಳೆದ ಶ್ರಾವಣಮಾಸದ ಒಂದು ಮಧ್ಯಾಹ್ನ ಎರಡನೆಯ ಇಯತ್ತೆಯ ಬಾಲಿಕೆಯೊಬ್ಬಳು, ಉದುರಿದ ತನ್ನ ಹಾಲುಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ನನ್ನ ಮೇಜಿನ ಬಳಿಗೆ ಬಂದಳು. “ಇದನ್ನು ಹಂಚಿನ ಮೇಲೆ ಎಸೆಯಬೇಕೆಂದು ಅಜ್ಜಿ ಹೇಳುತ್ತಾಳೆ. ನಮ್ಮ ಚಾಳಿಗೆ ಹಂಚೇ ಇಲ್ಲ. ಎಲ್ಲಿ ಎಸೆಯಲಿ, ಗುರುಗಳೇ?” ಎಂದು ಕೇಳಿದಳು. ಊರಿನಲ್ಲಿ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದ ನನ್ನ ಬಾಲ್ಯವು ನೆನಪಾಗಿ ನಕ್ಕೆ. ಮರುಕ್ಷಣವೇ ಬೇರೊಬ್ಬ ಹುಡುಗನ ನೆನಪು ಬಂದು ಆ ನಗೆ ನಿಂತುಹೋಯಿತು.

ಅದು 1998ರ ಮಾತು. ಆಗ ನಾನು ಮುಂಬಯಿಯಲ್ಲಿ ಶಿಕ್ಷಕನಾಗಿ ಸೇರಿ ಎರಡೇ ವರ್ಷಗಳಾಗಿದ್ದವು. ನನ್ನ ವರ್ಗದ ಹುಡುಗನೊಬ್ಬನ ತಂದೆ, ಹಳೆಯ ಬ್ಯಾಟರಿಗಳನ್ನೊಡೆದು ಸೀಸ ಕರಗಿಸುವ ಕೆಲಸದಲ್ಲಿದ್ದನು. ಸಂಜೆ ಬೂದುಬಣ್ಣದ ಧೂಳು ಮೆತ್ತಿದ ಅಂಗಿಯಲ್ಲೇ ಶಾಲೆಗೆ ಬಂದು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವನು. ಹುಡುಗನೋ, ಹೇಳಿದ ಪಾಠವನ್ನು ಮರೆಯುವನು. ಒಂದು ಲೆಕ್ಕ ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈಯಿಡುವನು. ಹೊಟ್ಟೆನೋವೆಂದು ಮೂಲೆಯಲ್ಲಿ ಕುಳಿತುಬಿಡುವನು. ಅದನ್ನು ನಾನು ನೆಪವೆಂದೇ ಬಗೆದೆ. ಅವನ ಪ್ರಗತಿಪತ್ರದಲ್ಲಿ “ಮಂದಬುದ್ಧಿ, ಗಮನವಿಲ್ಲ” ಎಂದು ಬರೆದೆ. ತಂದೆಗೆ ಓದು ಬಾರದು. ನಾನೇ ಓದಿ ಹೇಳಿದೆ. ಅವನು ಏನೂ ಆಡದೆ ತಲೆ ತಗ್ಗಿಸಿ ನಿಂತನು. ಮರುವರ್ಷ ಆ ಕುಟುಂಬವು ಮುಂಬಯಿ ಬಿಟ್ಟಿತು.

ಎಷ್ಟೋ ವರ್ಷಗಳ ಬಳಿಕ, ಹರ್ಬರ್ಟ್ ನೀಡ್ಲ್‌ಮನ್ ಎಂಬ ಅಮೆರಿಕದ ವೈದ್ಯರ ಸಂಶೋಧನೆಯ ವಿಷಯ ಓದಿದೆ. ಅವರು ಬಾಸ್ಟನ್ ನಗರದ ಸಮೀಪದ ಚೆಲ್ಸಿ, ಸಾಮರ್‌ವಿಲ್ ಎಂಬ ಪಟ್ಟಣಗಳ ಒಂದನೆಯ ಹಾಗೂ ಎರಡನೆಯ ಇಯತ್ತೆಯ ಮಕ್ಕಳ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ಸೀಸವನ್ನು ಅಳೆದರು. ನಮ್ಮ ದೇಹವು ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಎಲುಬು ಹಲ್ಲುಗಳಲ್ಲಿ ಕೂಡಿಡುತ್ತದೆ. ರಕ್ತದೊಳಗಿನ ಸೀಸ ಕೆಲವು ವಾರಗಳಲ್ಲಿ ಇಳಿಯಬಹುದು. ಹಲ್ಲಿನಲ್ಲಿ ಸೇರಿದ್ದು ಹಾಗೆಯೇ ಉಳಿದು ಶೈಶವದ ಕಥೆಯನ್ನು ಹೇಳುತ್ತದೆ. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲುನೋಟಕ್ಕೆ ಆರೋಗ್ಯವಂತರಾಗಿಯೇ ಇದ್ದ ಆ ಮಕ್ಕಳಲ್ಲಿ, ಹಲ್ಲಿನಲ್ಲಿ ಸೀಸ ಹೆಚ್ಚಾಗಿದ್ದವರು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಟ್ಟಿತು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವೆಂಬುದನ್ನು ಅರಿಯದ ಶಿಕ್ಷಕರನ್ನು ಮಕ್ಕಳ ನಡತೆಯ ಬಗೆಗೆ ಕೇಳಲಾಗಿತ್ತು. ಸೀಸವು ಏರಿದಂತೆ “ಚಿತ್ತ ಚಂಚಲ, ಕೆಲಸದಲ್ಲಿ ಅವ್ಯವಸ್ಥೆ, ಹಿಡಿದುದನ್ನು ಮುಗಿಸುವುದಿಲ್ಲ” ಎಂಬ ದೂರುಗಳೂ ಏರಿದ್ದವು. ಅವು ನನ್ನ ಲೇಖನಿಯ ಮಾತುಗಳೇ ಆಗಿದ್ದವು!

ನನ್ನ ವಿದ್ಯಾರ್ಥಿಯ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಆದುದರಿಂದ ಸೀಸವೇ ಕಾರಣವೆಂದು ನಾನು ಹೇಳಲಾರೆ. ಆದರೆ ಅವನ ಬುದ್ಧಿಯೇ ಮಂದವೆಂದು ತೀರ್ಪು ಕೊಡಲು ನನಗಾದರೂ ಯಾವ ಆಧಾರವಿತ್ತು? ಮನೆ ಎಲ್ಲಿ, ತಂದೆಯ ಉದ್ಯೋಗವೇನು, ಹೊಟ್ಟೆ ಏಕೆ ನೋಯುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೆನೇ?

ಅಂದಿನಿಂದ ಇಂದಿಗೆ ಕೆಲವು ಸುಧಾರಣೆಗಳಾಗಿವೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ 2000ದ ಫೆಬ್ರುವರಿಯಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಗಳಿಗೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2017ರಲ್ಲಿ ಜಾರಿಗೆ ಬಂದಿತು. ಆದರೂ ಹಳೆಯ ಗೋಡೆಗಳಿಂದ ಉದುರುವ ಬಣ್ಣದ ಚಕ್ಕೆ, ಗಲ್ಲಿಗಳಲ್ಲಿ ಬ್ಯಾಟರಿ ಕರಗಿಸುವ ಕುಲುಮೆ, ಬಣ್ಣ ಕಟ್ಟಲು ಅರಿಸಿನಕ್ಕೆ ಬೆರೆಸುವ ಕಲಬೆರಕೆ ಇನ್ನೂ ಇವೆ. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಗು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ಇಷ್ಟಿದ್ದರೆ ಬಾಧೆಯಿಲ್ಲವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪಾಲಕರಲ್ಲಿ ನನ್ನದೊಂದು ವಿನಂತಿ. ಇಂಥ ಕೆಲಸದಿಂದ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನೆತ್ತಿಕೊಳ್ಳಲಿ. ಆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಲಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಉಣ್ಣುವ ಮೊದಲು ಮಕ್ಕಳ ಕೈ ತೊಳೆಯಿಸಿರಿ. ಸುಣ್ಣ, ಕಬ್ಬಿಣದ ಅಂಶಗಳ ಕೊರತೆಯಿದ್ದಲ್ಲಿ ಸೀಸ ಹೆಚ್ಚು ಹೊಗುತ್ತದೆ. ಆದುದರಿಂದ ನಮ್ಮ ರಾಗಿ, ಸೊಪ್ಪು, ಕಾಳುಗಳನ್ನು ಮರೆಯದಿರಿ. ಸಂದೇಹವಿದ್ದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿರಿ.

“ಮಂದಬುದ್ಧಿ” ಎಂಬ ಪದವನ್ನು ನಾನೀಗ ಪ್ರಗತಿಪತ್ರದಲ್ಲಿ ಬರೆಯುವುದಿಲ್ಲ. ಬರೆಯುವ ಮೊದಲು ಮಗುವಿನ ಮನೆಗೊಮ್ಮೆ ಹೋಗಿ ಬರುತ್ತೇನೆ. ಆ ತಂದೆ ಎಂದಾದರೂ ಎದುರಾದರೆ, ಅಂದು ಓದಿ ಹೇಳಿದ ಆ ಎರಡು ಮಾತುಗಳನ್ನು ಹಿಂದಕ್ಕೆ ಪಡೆಯುವ ಆಸೆಯಿದೆ.

ಬಾಲಿಕೆಯ ಹಲ್ಲಿಗೆ ಮಾಡು ದೊರೆಯಿತು. ಶಾಲೆಯ ಹಿಂಬದಿಯ ತಗಡಿನ ಚಾವಣಿಯ ಮೇಲೆ ಅವಳೇ ಎಸೆದಳು. ಮೂರನೆಯ ಪ್ರಯತ್ನಕ್ಕೆ ಅದು ಮೇಲೆ ನಿಂತಿತು.