ಬೆಂಕಿಪುರದಲ್ಲಿ ತಂಪಿನ ಲೆಕ್ಕ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ವಂಕಿಪುರ ಎಂಬ ರೂಪವೇ ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಹೇಳುವುದುಂಟು. ಹಾಗಿದ್ದರೆ ಆ ಹೆಸರಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಊರಿಗೆ ನಿಜವಾದ ಬೆಂಕಿ ಬಂದದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಹುಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಾಗ. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಆ ಕುಲುಮೆಗೆ ಮಲೆನಾಡಿನ ಮರಗಳೇ ಇದ್ದಿಲಾಗಿ ಬೀಳಬೇಕಾಯಿತು. ಮರವನ್ನು ಬಟ್ಟಿಯಿಳಿಸಿ ಇದ್ದಿಲಿನ ಜೊತೆಗೆ ಮದ್ಯಸಾರ, ಡಾಂಬರು ಮುಂತಾದವುಗಳನ್ನು ತೆಗೆಯುವ ಘಟಕವೂ ಅಲ್ಲಿತ್ತು. ಜೋಗದಲ್ಲಿ 1948ರಲ್ಲಿ ವಿದ್ಯುತ್ತು ಹುಟ್ಟತೊಡಗಿದ ಮೇಲೆ, ಐವತ್ತರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಬಚ್ಚಲೊಲೆಯಿಂದ ಗೀಸರಿಗೆ ಮನೆಗಳು ದಾಟಿದ ದಾರಿಯನ್ನು ಊರು ಮೊದಲೇ ದಾಟಿತ್ತು.

ಶ್ರಾವಕಾಚಾರ ಗ್ರಂಥಗಳನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಪಟ್ಟಿ ನೆನಪಾಗುತ್ತದೆ. ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಸ್ಥನ ವ್ರತಸ್ವೀಕಾರದ ಸಂದರ್ಭದಲ್ಲಿ ಹದಿನೈದು ಕರ್ಮಾದಾನಗಳು, ಎಂದರೆ ಶ್ರಾವಕನು ಬಿಡಬೇಕಾದ ವೃತ್ತಿಗಳು, ಬರುತ್ತವೆ. ಮೊದಲನೆಯದು ಅಂಗಾರಕರ್ಮ, ಇದ್ದಿಲಿನ ಕಸುಬು, ಎರಡನೆಯದು ವನಕರ್ಮ. ದಿಗಂಬರ ಪರಂಪರೆಯ ಪಂಡಿತ ಆಶಾಧರನೂ ಸಾಗಾರಧರ್ಮಾಮೃತದಲ್ಲಿ ಇವನ್ನು ಪ್ರಸ್ತಾಪಿಸುತ್ತಾನೆ. ಆ ಪಟ್ಟಿಯ ಮೊದಲ ಎರಡನ್ನೂ ಒಂದೇ ಬೇಲಿಯೊಳಗೆ ಕೂಡಿಸಿಕೊಂಡ ಊರು ಭದ್ರಾವತಿ. ಅಲ್ಲಿ ಜೈನ ಮನೆತನಗಳೂ ಕಾರ್ಖಾನೆಯ ಸಂಬಳದಿಂದಲೇ ಮಕ್ಕಳನ್ನು ಓದಿಸಿದವು. ಗ್ರಂಥಕ್ಕೂ ಬದುಕಿಗೂ ನಡುವೆ ಇರುವ ಈ ಅಂತರವನ್ನು ಯಾರೂ ಮುಚ್ಚಿಡಬೇಕಾಗಿಲ್ಲ.

ಹಳೇನಗರದಲ್ಲಿ ವಾಸವಾಗಿರುವ ಎಂಬತ್ತರ ಹಿರಿಯರೊಬ್ಬರು ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಈಗ ನಿಂತುಹೋಗಿದೆ. ಅವರ ದಿನಚರಿ ನಿಂತಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಜಗಲಿಯ ಮೀಟರಿನ ಅಂಕಿಯನ್ನು ನೋಡಿ, ಡೈರಿಯಲ್ಲಿ ಬರೆದು, ಅನಂತರ ಸ್ವಾಧ್ಯಾಯಕ್ಕೆ ಕೂರುತ್ತಾರೆ. ಮೂವತ್ತು ವರ್ಷಗಳ ಈ ಡೈರಿಗಳು ಮರದ ಪೆಟ್ಟಿಗೆಯೊಂದರಲ್ಲಿವೆ. ಶಾಸನಪಾಠಗಳನ್ನು ಓದಿ ಅಭ್ಯಾಸವಾದವರಿಗೆ ಅವು ಒಳ್ಳೆಯ ಆಕರ: ಟೀವಿ ಬಂದ ವರ್ಷ, ಮಗಳ ಬಾಣಂತನದ ತಿಂಗಳು, ಗ್ರೈಂಡರ್ ಕೆಟ್ಟ ವಾರ, ಎಲ್ಲವೂ ಅಂಕಿಗಳ ಏರಿಳಿತದಲ್ಲೇ ಕಾಣುತ್ತವೆ.

2024ರ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವರ ರಕ್ತದೊತ್ತಡ ಏರುಪೇರಾಗಿ ಎರಡು ಸಲ ಬಚ್ಚಲಮನೆಯಲ್ಲಿ ಕುಸಿದರು. ಮಲಗುವ ಕೋಣೆಯನ್ನಾದರೂ ತಂಪಾಗಿಡಬೇಕೆಂದು ವೈದ್ಯರು ಹೇಳಿದರು. ಶಿವಮೊಗ್ಗದ ವಿನೋಬನಗರದಲ್ಲಿರುವ ಮಗ ಆ ವಾರವೇ ಸ್ಪ್ಲಿಟ್ ಏಸಿಯ ಮಾತು ತೆಗೆದ.

“ಅಪ್ಪಯ್ಯ, ಬಿಲ್ಲಿನ ಯೋಚನೆ ನಿಮಗೆ ಬೇಡ. ನಾನು ಕಟ್ಟುತ್ತೇನೆ.”

“ಬಿಲ್ಲಿನ ಮಾತು ಆಮೇಲೆ. ಆ ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಕೂರಿಸುತ್ತೀಯ, ಅದನ್ನು ಹೇಳು.”

ಪ್ರಶ್ನೆ ಸಣ್ಣದಲ್ಲ. ಆ ಓಣಿಯಲ್ಲಿ ಎರಡು ಮನೆಗಳ ನಡುವೆ ಐದಡಿ ಜಾಗವಿದೆ. ಇವರ ಮಲಗುವ ಕೋಣೆಯ ಗೋಡೆಗೆ ಎದುರಾಗಿ ಪಕ್ಕದ ಮನೆಯ ಕಿಟಕಿ. ಅದರ ಹಿಂದೆ ಬಾಡಿಗೆಗಿರುವ ಕುಟುಂಬದ ಕೂಸು ಮಲಗುತ್ತದೆ. ಒಳಗೆ ತೆಗೆದ ಬಿಸಿಯನ್ನು ಯಂತ್ರ ಹೊರಗೆ ಚೆಲ್ಲಲೇಬೇಕು.

ಯಂತ್ರದ ತತ್ತ್ವವನ್ನು ಅವರಿಗೆ ಬಿಡಿಸಿ ಹೇಳಿದವಳು ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು. ಗೀಸರಿನ ತಂತಿ ಒಂದು ಯೂನಿಟ್ ವಿದ್ಯುತ್ತನ್ನು ನುಂಗಿ ಒಂದು ಯೂನಿಟ್ ಉಷ್ಣವನ್ನಷ್ಟೇ ಕೊಡಬಲ್ಲುದು. ಏಸಿಯಾದರೋ ಉಷ್ಣವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಕೊಳವೆಯಲ್ಲಿ ಹರಿಯುವ ದ್ರವ ಒಳಗಿನ ಪೆಟ್ಟಿಗೆಯಲ್ಲಿ ಆವಿಯಾಗುತ್ತ ಕೋಣೆಯ ಬಿಸಿಯನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯ ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದು ಮತ್ತೆ ದ್ರವವಾಗಿ, ಹೀರಿದ್ದನ್ನು ಬಯಲಿಗೆ ಬಿಡುತ್ತದೆ. ಒಂದು ಯೂನಿಟ್ ಖರ್ಚಾದರೆ ಮೂರು ನಾಲ್ಕು ಯೂನಿಟ್‌ನಷ್ಟು ಉಷ್ಣ ಜಾಗ ಬದಲಿಸುತ್ತದೆ. ಇದೇ ಯಂತ್ರ ತಿರುವುಮುರುವಾಗಿ ಓಡಿದರೆ ಹೊರಗಿನ ಚಳಿಗಾಳಿಯಿಂದಲೂ ಬಿಸಿಯನ್ನು ಹೆಕ್ಕಿ ಒಳಗೆ ತರುತ್ತದೆ. ಅಮೆರಿಕ, ಕೆನಡಾಗಳ ಶೀತಪ್ರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹೀಟ್ ಪಂಪ್ ಎಂದು ಕರೆಯುವುದು ಇದನ್ನೇ. ಈ ಕಲ್ಪನೆಯನ್ನು ಕೆಲ್ವಿನ್ 1852ರಷ್ಟು ಹಿಂದೆಯೇ ಮಂಡಿಸಿದ್ದ.

ಕೇಳಿಸಿಕೊಂಡ ಹಿರಿಯರು, “ಹಾಗಾದರೆ ಇದು ಪಂಪ್‌ಸೆಟ್ಟು. ನೀರಿನ ಬದಲು ಸೆಕೆಯನ್ನು ಎತ್ತಿ ಪಕ್ಕದ ಗದ್ದೆಗೆ ಬಿಡುತ್ತದೆ” ಎಂದರು. ಹೀಟ್ ಪಂಪಿಗೆ ಕನ್ನಡದಲ್ಲಿ ಇದಕ್ಕಿಂತ ನೇರವಾದ ವ್ಯಾಖ್ಯಾನ ಸಿಗುವುದು ಕಷ್ಟ.

ಯಂತ್ರದ ಇನ್ನೊಂದು ಚರಿತ್ರೆ ಅವರಿಗೆ ಹೆಚ್ಚು ಹಿಡಿಸಿತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಕಾಗದಕ್ಕೆ. ಗಾಳಿಯ ತೇವ ಹೆಚ್ಚಿದಾಗ ಕಾಗದ ಹಿಗ್ಗುತ್ತದೆ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜರುಗುತ್ತವೆ. ಕಾಗದದ ಕಾರ್ಖಾನೆಯಲ್ಲಿ ಬೆಳೆದ ಕೈಗೆ ಇದು ಗೊತ್ತಿರದ ಸಂಗತಿಯಲ್ಲ. ಅದೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಕರ್ನಾಟಕದ ವಿದ್ಯುತ್ತೂ ಅಮೆರಿಕದ ತಂಗಾಳಿಯೂ ಒಂದೇ ವಯಸ್ಸಿನವು. ಭದ್ರಾವತಿಯ ಓಣಿಯಲ್ಲಿ ಅವು ಸಂಧಿಸಲು ನೂರಿಪ್ಪತ್ತು ವರ್ಷ ಬೇಕಾಯಿತು.

ವಿದ್ಯುತ್ತಿನ ವಿಷಯದಲ್ಲಿ ಜೈನರಲ್ಲಿ ಒಂದು ಸ್ವಾರಸ್ಯಕರ ಚರ್ಚೆಯಿದೆ. ಪೃಥ್ವಿ, ಅಪ್, ತೇಜಸ್, ವಾಯು, ವನಸ್ಪತಿಗಳೆಂಬ ಐದು ಬಗೆಯ ಸ್ಥಾವರ ಜೀವಗಳಲ್ಲಿ ಅಗ್ನಿಕಾಯಿಕವೂ ಒಂದು. ಹಾಗಾದರೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಅಗ್ನಿಯೇ, ಅದರಲ್ಲಿ ಜೀವವುಂಟೇ? ತೇರಾಪಂಥದ ಆಚಾರ್ಯ ಮಹಾಪ್ರಜ್ಞರು ಅದು ಅಚಿತ್ತವೆಂಬ ಪಕ್ಷ ಹಿಡಿದರು. ಒಪ್ಪದ ಮುನಿಸಂಘಗಳೂ ಇವೆ. ಆದರೆ ಇದು ಮಹಾವ್ರತಿಗಳ ಪ್ರಶ್ನೆ. ಅಡುಗೆ, ಸ್ನಾನಗಳಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನು ಗೃಹಸ್ಥನಿಗೆ ಶಾಸ್ತ್ರವೇ ಬಿಟ್ಟುಕೊಟ್ಟಿದೆ. ಗೃಹಸ್ಥನ ಪ್ರಶ್ನೆ ಬೇರೆ: ಈ ಕ್ರಿಯೆಗೆ ಪ್ರಯೋಜನವುಂಟೇ? ಸಮಂತಭದ್ರರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಕೊನೆಯದಾಗಿ ಪ್ರಮಾದಚರ್ಯೆಯನ್ನು ಹೇಳುತ್ತಾರೆ. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು ಅದರಲ್ಲಿ ಸೇರುತ್ತವೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಅವರ ಕಾಲದಲ್ಲಿರಲಿಲ್ಲ, ಆದರೆ ಅದಕ್ಕೆ ಜಾಗ ಅಲ್ಲಿ ಸಿದ್ಧವಾಗಿತ್ತು.

ಹಿರಿಯರು ಪ್ರಯೋಜನವನ್ನು ಒಪ್ಪಿದರು, ದೇಹ ಕುಸಿದಿತ್ತಲ್ಲ. ಅನಂತರ ಲೆಕ್ಕ ಶುರುವಾಯಿತು.

ಭದ್ರಾವತಿಯ ಮನೆಯಲ್ಲಿ ಹಿರಿಯ ದಂಪತಿ, ಕಿರಿಯ ಮಗ, ಸೊಸೆ ಸೇರಿ ನಾಲ್ವರು. ತಿಂಗಳ ಸರಾಸರಿ 140 ಯೂನಿಟ್. 2023ರಿಂದ ಬಂದ ಗೃಹಜ್ಯೋತಿಯ ನಿಯಮದಂತೆ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು, ಅಂದರೆ ಇವರಿಗೆ 154 ಯೂನಿಟ್, ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ. 200ನ್ನೇ ಮೀರಿದರೆ ಪೂರ್ತಿ ಬಿಲ್ಲು. ಒಂದು ಟನ್ನಿನ ಒಳ್ಳೆಯ ಇನ್ವರ್ಟರ್ ಏಸಿ ಗಂಟೆಗೆ ಅರ್ಧದಿಂದ ಮುಕ್ಕಾಲು ಯೂನಿಟ್ ಎಳೆಯುತ್ತದೆ. (ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ಹಗಲೂ ರಾತ್ರಿಯಲ್ಲಿ ಕರಗುತ್ತ ಎಷ್ಟು ಬಿಸಿಯನ್ನು ನುಂಗುತ್ತದೋ ಆ ಪ್ರಮಾಣ. ಮಂಜುಗಡ್ಡೆಯ ವ್ಯಾಪಾರ ಕಣ್ಮರೆಯಾದರೂ ಅದರ ಪಳೆಯುಳಿಕೆ ಪದವಾಗಿ ಅಂಗಡಿಯಲ್ಲಿ ಉಳಿದಿದೆ.) ದಿನಕ್ಕೆ ಐದು ಗಂಟೆ ಎಂದರೆ ಸುಮಾರು ಮೂರು ಯೂನಿಟ್, ತಿಂಗಳಿಗೆ 90. ಒಟ್ಟು 230, ಗೆರೆ ದಾಟಿತು.

ಮಗ ಸೌರಫಲಕದ ಮಾತೆತ್ತಿದ. ತಂದೆ ಡೈರಿ ತೆಗೆದು ಗೀಸರಿನತ್ತ ಬೆರಳು ತೋರಿಸಿದರು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಏರಿಸಲು ಹತ್ತಿರಹತ್ತಿರ ಅರ್ಧ ಯೂನಿಟ್ ಬೇಕು. ನಾಲ್ವರ ಸ್ನಾನಕ್ಕೆ ತಿಂಗಳಿಗೆ 55 ಯೂನಿಟ್. ಛಾವಣಿಯ ಮೇಲೆ ಒಂದು ಸೋಲಾರ್ ವಾಟರ್ ಹೀಟರ್ ಕೂರಿಸಿದರೆ ಬೇಸಿಗೆಯಲ್ಲಿ ಅಷ್ಟೂ ಉಳಿಯುತ್ತದೆ. ಏಸಿ ಸೇರಿಯೂ ಲೆಕ್ಕ 175ಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಬಿಸಿಲಿಲ್ಲ, ಆಗ ಏಸಿಯೂ ಬೇಡ. ಗೀಸರ್ ಮತ್ತೆ ಬಂದರೂ ತೊಂದರೆಯಿಲ್ಲ. ಶಿವಮೊಗ್ಗೆಯ ಹೆಸರನ್ನು ‘ಸಿಹಿ ಮೊಗೆ’ಯಿಂದ ಬಿಡಿಸುವ ಐತಿಹ್ಯದಲ್ಲಿ ದುರ್ವಾಸರ ಆಶ್ರಮದ ಒಲೆಯ ಮೇಲೆ ಸದಾ ಕುದಿಯುವ ಮಡಕೆಯೊಂದಿದೆ. ವಿದ್ವಾಂಸರು ಆ ನಿಷ್ಪತ್ತಿಯನ್ನು ನಂಬಬೇಕಿಲ್ಲ. ಆದರೆ ಗೀಸರಿನ ಸ್ವಿಚ್ಚು ಹಾಕಿ ಮರೆಯುವ ಮನೆಗಳಲ್ಲಿ ದುರ್ವಾಸರ ಮಡಕೆ ಈಗಲೂ ಕುದಿಯುತ್ತಿದೆ.

ವಿನೋಬನಗರದ ಮನೆಯ ಲೆಕ್ಕ ಬೇರೆ ಬಂತು. ಅಲ್ಲಿ ತಾರಸಿ ಮನೆ, ಎರಡು ಏಸಿ, ತಿಂಗಳಿಗೆ 260 ಯೂನಿಟ್. ಉಚಿತದ ಗೆರೆಯಾಚೆ ಇರುವುದರಿಂದ ಪೂರ್ತಿ ಬಿಲ್ಲು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂದಿತ್ತು. ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಗರಿಷ್ಠ 78,000 ಸಹಾಯಧನ. ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ಕೊಡುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅದರ ಅರ್ಧ ಸಿಕ್ಕಿದರೂ ಪುಣ್ಯ. ಎರಡು ಕಿಲೋವ್ಯಾಟಿಗೆ ಸಹಾಯಧನ ಕಳೆದು ಅರುವತ್ತೈದು ಸಾವಿರದಷ್ಟು ಕೈಯಿಂದ ಬೀಳುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನಲ್ಲಿ ಅದು ನಾಲ್ಕು ವರ್ಷಕ್ಕೆ ಮರಳುತ್ತದೆ. ಭದ್ರಾವತಿಯ ಮನೆಯಲ್ಲಿ ಅದೇ ಫಲಕ ಉಳಿಸುವುದು ಬೇಸಿಗೆಯ ಕೆಲವು ತಿಂಗಳ ಇಪ್ಪತ್ತೊಂದು ಯೂನಿಟ್ಟಿನ ಹಣವನ್ನು ಮಾತ್ರ. ಇಂಥ ಕಡೆಯಲ್ಲೆಲ್ಲ ಅನೇಕಾಂತವನ್ನು ಎಳೆದು ತರುವ ಚಟ ಇತ್ತೀಚಿನ ಬರಹಗಾರರಲ್ಲಿದೆ. ಇಲ್ಲಿ ಅದರ ಅಗತ್ಯವಿಲ್ಲ, ಗುಣಾಕಾರ ಸಾಕು.

ಹೀಗಾಗಿ ಶಿವಮೊಗ್ಗದಲ್ಲಿ ಫಲಕ, ಭದ್ರಾವತಿಯಲ್ಲಿ ನೀರಿನ ಹೀಟರ್ ಎಂದು ತೀರ್ಮಾನವಾಯಿತು. ಆದರೂ ಉಚಿತ ವಿದ್ಯುತ್ತಿನ ಮಾತು ಬಂದಾಗಲೆಲ್ಲ ಹಿರಿಯರ ಮುಖ ಸಪ್ಪಗಾಗುತ್ತಿತ್ತು. ಕೊಟ್ಟದ್ದನ್ನು ತೆಗೆದುಕೊಂಡರೆ ಅದು ಅದತ್ತಾದಾನವಲ್ಲ, ಅಚೌರ್ಯಕ್ಕೆ ಭಂಗವಿಲ್ಲ, ನಿಜ. ಆದರೆ ಕೊಟ್ಟವರು ಯಾರು? ಕಾರ್ಖಾನೆಯಲ್ಲಿ ಅವರ ಪಕ್ಕದಲ್ಲಿ ದುಡಿಯುತ್ತಿದ್ದ ಗೆಳೆಯರೊಬ್ಬರು ಶರಾವತಿಯ ಮುಳುಗಡೆಯಿಂದ ಎದ್ದು ಬಂದವರು. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಡಿ ಅವರ ಅಡಕೆ ತೋಟವಿದೆ. ಅವರಿಗೆ ಪುನರ್ವಸತಿಯಲ್ಲಿ ಸಿಕ್ಕ ಜಾಗಕ್ಕೆ ವರ್ಷಗಟ್ಟಲೆ ಹಕ್ಕುಪತ್ರವಿರಲಿಲ್ಲ, ದೀಪವೂ ಇರಲಿಲ್ಲ. ಆ ನೀರು 1035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ತಿರುಗಿಸಿ ನಾಡಿಗೆಲ್ಲ ಬೆಳಕು ಕೊಟ್ಟಿತು. ನಾ. ಡಿಸೋಜ ಅವರ ‘ದ್ವೀಪ’ವನ್ನು, ಗಿರೀಶ ಕಾಸರವಳ್ಳಿಯವರ ಚಿತ್ರವನ್ನು ಬಲ್ಲ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಹೇಳಬೇಕಾದದ್ದು, ಅದು ಮುಗಿದಿಲ್ಲವೆಂಬುದನ್ನು.

ಸೌರಫಲಕ ಮಧ್ಯಾಹ್ನ ಕೊಡುತ್ತದೆ; ಏಸಿ ಬೇಕಾಗುವುದು ಹೆಚ್ಚಾಗಿ ರಾತ್ರಿ. ನೆಟ್ ಮೀಟರಿನಲ್ಲಿ ಹಗಲು ಜಮಾ, ರಾತ್ರಿ ಖರ್ಚು. ಮನೆಯ ಲೆಕ್ಕ ಸರಿಹೋಗುತ್ತದೆ, ಆದರೆ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಎಲ್ಲೋ ಕೂಡಿಡಬೇಕಲ್ಲ. ಆ ಕೂಡಿಡುವ ಜಾಗವಾಗಿ ಈಗ ಗುರುತಾಗಿರುವುದು ಮತ್ತೆ ಶರಾವತಿ ಕಣಿವೆ. ಗೇರುಸೊಪ್ಪೆಯ ಜಲಾಶಯದಿಂದ ತಲಕಳಲೆಗೆ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗಿಳಿಸಿ ವಿದ್ಯುತ್ತು ತೆಗೆಯುವ 2000 ಮೆಗಾವ್ಯಾಟ್ ಯೋಜನೆಯದು. ಸಿಂಗಳೀಕಗಳ ಅಭಯಾರಣ್ಯವನ್ನು ಅದು ಮುಟ್ಟುತ್ತದೆಂದು ವಿರೋಧವೂ ನಡೆದಿದೆ. ಗೇರುಸೊಪ್ಪೆ ಚೆನ್ನಭೈರಾದೇವಿಯ ನೆಲ, ಚತುರ್ಮುಖ ಬಸದಿಯ ನೆಲ. ಜೈನ ಅಧ್ಯಯನ ಮಾಡುವವರು ಆ ಊರನ್ನು ಶಾಸನಗಳಲ್ಲಿ ಮಾತ್ರ ಓದಿದರೆ ಸಾಲದು. ಛಾವಣಿಯ ಫಲಕ ನಿರ್ದೋಷವೆಂದು ಎಣಿಸುವವರು ರಾತ್ರಿ ಹತ್ತರ ಯೂನಿಟ್ ಎಲ್ಲಿಂದ ಬಂತೆಂದು ಕೇಳಬೇಕು. ಮಗ ಇದನ್ನು ಕೇಳಿ, ಮನೆಯ ಮಿಕ್ಸಿ, ವಾಷಿಂಗ್ ಮೆಷಿನ್, ನೀರೆತ್ತುವ ಪಂಪುಗಳನ್ನು ಹಗಲಿಗೆ ತಂದ. ಕೋಣೆಯನ್ನು ಸಂಜೆ ಐದಕ್ಕೇ ತಂಪು ಮಾಡಿ ಕಿಟಕಿ ಮುಚ್ಚುವ ರೂಢಿ ಮಾಡಿದ. ಇದು ದೊಡ್ಡ ಪರಿಹಾರವಲ್ಲ. ಆದರೆ ಕಣಿವೆಯ ಮೇಲಿನ ಭಾರ ಅಷ್ಟರಮಟ್ಟಿಗೆ ಕಡಿಮೆ.

ಹಸ್ತಪ್ರತಿಗಳ ಪ್ರಶ್ನೆಯೊಂದು ಉಳಿದಿತ್ತು. ಮನೆಯಲ್ಲಿ ಅಜ್ಜನ ಕಾಲದ ಎರಡು ಓಲೆಗರಿಯ ಕಟ್ಟುಗಳಿವೆ. ಏಸಿ ಕೋಣೆಯಲ್ಲೇ ಇಟ್ಟರೆ ಒಳ್ಳೆಯದಲ್ಲವೇ ಎಂದು ಸೊಸೆ ಕೇಳಿದಳು. ಐದು ಗಂಟೆ ಒಣಗಿ ಹತ್ತೊಂಬತ್ತು ಗಂಟೆ ನೆನೆಯುವ ಗಾಳಿ ಓಲೆಗೆ ಸ್ಥಿರವಾದ ತೇವಕ್ಕಿಂತ ಕೆಟ್ಟದ್ದು. ಹಿಗ್ಗಿ ಕುಗ್ಗಿ ಗರಿ ಸೀಳುತ್ತದೆ. ಕಾಗದದ ಮನುಷ್ಯ ಅದನ್ನು ಯಾರಿಂದಲೂ ಕೇಳಬೇಕಾಗಿರಲಿಲ್ಲ. ಕಟ್ಟುಗಳು ಕೆಂಪು ವಸ್ತ್ರದಲ್ಲಿ, ನಡುಮನೆಯ ಮರದ ಪೆಟ್ಟಿಗೆಯಲ್ಲೇ ಉಳಿದವು. ವರ್ಷಕ್ಕೊಮ್ಮೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದೂ ಮುಂದುವರಿಯಿತು.

ಏಸಿ ಮೇ ಮೊದಲ ವಾರ ಬಂತು. ಅದು 24ಕ್ಕೆ ಹೊಂದಿಸಿಕೊಂಡೇ ಬಂದಿತ್ತು. ಹಿರಿಯರು ಅದನ್ನು 27ಕ್ಕೆ ಏರಿಸಿ, ಫ್ಯಾನನ್ನು ಸಣ್ಣಗೆ ತಿರುಗಲು ಬಿಟ್ಟರು. ಹೊರಗಿನ ಪೆಟ್ಟಿಗೆಯನ್ನು ಓಣಿಯ ಗೋಡೆಗೆ ಹಾಕುವುದೇ ಸುಲಭವೆಂದು ಕೆಲಸಕ್ಕೆ ಬಂದ ಹುಡುಗ ಎಷ್ಟು ಹೇಳಿದರೂ ಕೇಳದೆ, ಹಿತ್ತಲ ಕಡೆಯ ಛಾವಣಿಗೆ, ಹಲಸಿನ ಮರದ ನೆರಳಿಗೆ ಹತ್ತಿಸಿದರು. ತಾಮ್ರದ ಕೊಳವೆ ಹದಿನಾಲ್ಕು ಅಡಿ ಹೆಚ್ಚು ಬೇಕಾಯಿತು. ಕೊಳವೆ ಉದ್ದವಾದಷ್ಟೂ ಯಂತ್ರ ಸ್ವಲ್ಪ ಹೆಚ್ಚು ವಿದ್ಯುತ್ತು ತಿನ್ನುತ್ತದೆಂದು ಮೊಮ್ಮಗಳು ಎಚ್ಚರಿಸಿದಳು. ಆ ಸಂಜೆಯ ಪುಟದಲ್ಲಿ ಮೀಟರಿನ ಅಂಕಿಯ ಕೆಳಗೆ ಕೊಳವೆಯ ಬೆಲೆ ಬರೆದಿದೆ; ಅದರ ಮುಂದೆ ‘ಪಕ್ಕದ ಮನೆಯ ಕೂಸಿಗೆ’ ಎಂದಿದೆ.